ಸಾಕುಪ್ರಾಣಿಗೆ ವಿಮೆ ಮಾಡಿಸುವುದೋ, ಆ ಹಣವನ್ನು ಕೂಡಿಡುವುದೋ?

ಕೇಳಿದವರು

ಮನೆಯಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಹೆಣ್ಣು ನಾಯಿ ಇದೆ, ಏಳು ವರ್ಷದ ಗಂಡು ಬೆಕ್ಕಿದೆ. ಎರಡೂ ಗಟ್ಟಿಮುಟ್ಟಾಗಿವೆ. ಲಸಿಕೆ ಹಾಕಿಸುವುದನ್ನು ಬಿಟ್ಟರೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ್ದೇ ಅಪರೂಪ. ವಿಮೆ ಮಾಡಿಸಲೇಬೇಕು ಎನ್ನುವವರೂ ಇದ್ದಾರೆ, ಅದು ಶುದ್ಧ ದಂಡ ಎನ್ನುವವರೂ ಇದ್ದಾರೆ. ತಿಂಗಳು ತಿಂಗಳು ಕಟ್ಟುವ ಪ್ರೀಮಿಯಂ ಹಣವನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡರೆ ಸಾಲದೇ? ನಿಜವಾಗಿ ಕ್ಲೇಮ್ ಮಾಡಿ ನೋಡಿದವರು, ವಿಮೆ ಬೇಡವೆಂದು ಬಿಟ್ಟವರು, ಇಬ್ಬರೂ ದಯವಿಟ್ಟು ಹೇಳಿ.

ಲ್ಯಾಬ್ರಡಾರ್ ಸಾಕಿ, ಕ್ಲೇಮ್ ಮಾಡಿದವರು

ಲಾಭ ನಷ್ಟದ ಲೆಕ್ಕ ಹಾಕಿದರೆ ವಿಮೆ ಮಾಡಿಸಿದ ಹೆಚ್ಚಿನವರಿಗೆ ನಷ್ಟವೇ. ಕಟ್ಟಿದ್ದಕ್ಕಿಂತ ಹೆಚ್ಚು ಎಲ್ಲರಿಗೂ ವಾಪಸು ಬರುವಂತಿದ್ದರೆ ಆ ಕಂಪನಿ ಎಂದೋ ಬಾಗಿಲು ಮುಚ್ಚುತ್ತಿತ್ತು. ಹಾಗಾಗಿ ಆ ಲೆಕ್ಕವನ್ನು ಪಕ್ಕಕ್ಕಿಡಿ. ನಾಳೆ ನಡುರಾತ್ರಿ ದೊಡ್ಡದೊಂದು ಶಸ್ತ್ರಚಿಕಿತ್ಸೆಯ ಬಿಲ್ ಎದುರಿಗೆ ಬಂದರೆ ಸಾಲ ಮಾಡದೆ ಕಟ್ಟಬಲ್ಲಿರಾ? ಕಟ್ಟಬಲ್ಲಿರಾದರೆ ವಿಮೆ ನಿಮಗೆ ಅನಿವಾರ್ಯವಲ್ಲ. ಇಲ್ಲವಾದರೆ ಪ್ರೀಮಿಯಂ ದುಬಾರಿ ಎನಿಸಿದರೂ ಮಾಡಿಸುವುದೇ ಒಳ್ಳೆಯದು.

ನಮ್ಮ ನಾಯಿ ಆಡುತ್ತಿದ್ದಾಗ ತಟ್ಟನೆ ತಿರುಗಿ, ಹಿಂಗಾಲೊಂದನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಕುಂಟುತ್ತಾ ಬಂದಳು. ಪಶುವೈದ್ಯರು ಅವಳನ್ನು ಪಕ್ಕಕ್ಕೆ ಮಲಗಿಸಿ, ಒಂದು ಕೈಯಲ್ಲಿ ತೊಡೆಯ ಮೂಳೆಯನ್ನು ಅಲುಗಾಡದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಮಂಡಿಯ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರು. ಅದು ಮೇಜಿನ ಖಾನೆಯ ಹಾಗೆ ಮುಂದಕ್ಕೆ ಜಾರಿತು. ಮಂಡಿಯೊಳಗಿನ ಅಸ್ಥಿರಜ್ಜು ಹರಿದಿದೆ ಎಂಬುದಕ್ಕೆ ಅದೇ ಗುರುತು. ಲ್ಯಾಬ್ರಡಾರ್‌ನಷ್ಟು ತೂಕದ ನಾಯಿಗಳಿಗೆ ಸಾಮಾನ್ಯವಾಗಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಮಂಡಿಯ ಕೆಳಗಿನ ಮೂಳೆಯನ್ನೇ ಕತ್ತರಿಸಿ, ಕೋನ ಬದಲಿಸಿ, ಲೋಹದ ಪಟ್ಟಿ ಕೂರಿಸುತ್ತಾರೆ. ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಎಕ್ಸ್‌-ರೇ, ಅರಿವಳಿಕೆ, ಪಟ್ಟಿ, ನೋವಿನ ಔಷಧ, ಮರುತಪಾಸಣೆ ಎಂದು ಖರ್ಚು ಕಂತು ಕಂತಾಗಿ ಬರುತ್ತಲೇ ಇರುತ್ತದೆ.

ನಮ್ಮ ಕ್ಲೇಮ್ ಪಾಸಾಯಿತು. ಆದರೆ ಪೂರ್ತಿ ಹಣ ಬರಲಿಲ್ಲ, ಬರುವುದೂ ಇಲ್ಲ. ಬಿಲ್ 100 ಎಂದಿಟ್ಟುಕೊಳ್ಳಿ. ನೀವೇ ಭರಿಸಬೇಕಾದ ಮೊದಲ ಮೊತ್ತ, ಅಂದರೆ ಡಿಡಕ್ಟಿಬಲ್, 20. ಉಳಿದದ್ದರಲ್ಲಿ ಕಂಪನಿ ಕೊಡುವುದು ಶೇ. 80. ಮೊದಲು 20 ಕಳೆದು ಆಮೇಲೆ ಶೇ. 80 ತೆಗೆದರೆ ನಿಮಗೆ 64 ಬರುತ್ತದೆ. ಮೊದಲು ಶೇ. 80 ತೆಗೆದು ಆಮೇಲೆ 20 ಕಳೆದರೆ ಬರುವುದು 60. ಜಾಹೀರಾತಿನಲ್ಲಿ ಎರಡೂ ಪಾಲಿಸಿಗಳು ಒಂದೇ ರೀತಿ ಕಾಣುತ್ತವೆ. ಆ ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ, ಪ್ರತಿ ಕಾಯಿಲೆಗೂ ಪ್ರತ್ಯೇಕವೋ ಎಂಬುದನ್ನೂ ಕೇಳಿ. ಚರ್ಮದ ತುರಿಕೆಗೊಮ್ಮೆ, ಕಿವಿಯ ಸೋಂಕಿಗೊಮ್ಮೆ, ಭೇದಿಗೊಮ್ಮೆ ಬೇರೆ ಬೇರೆಯಾಗಿ ಕಳೆಯುತ್ತಾ ಹೋದರೆ ಸಣ್ಣ ಬಿಲ್‌ಗಳಲ್ಲಿ ಕಂಪನಿಯಿಂದ ಒಂದು ಕಾಸೂ ಹುಟ್ಟುವುದಿಲ್ಲ.

ನಿಮ್ಮದು ಲ್ಯಾಬ್ರಡಾರ್ ಆದ್ದರಿಂದ ಇನ್ನೊಂದು ಮಾತು. ಒಂದು ಮಂಡಿಯ ರಜ್ಜು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯದೂ ಹರಿಯುತ್ತದೆ. ಕಂಪನಿಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಪಾಲಿಸಿಗೆ ಮೊದಲೇ ಎಡಗಾಲಿಗೆ ತೊಂದರೆ ಇದ್ದರೆ ಬಲಗಾಲಿನ ಖರ್ಚನ್ನೂ ಕೊಡುವುದಿಲ್ಲ ಎಂಬ ಷರತ್ತನ್ನು ಹಲವರು ಬರೆದಿರುತ್ತಾರೆ. ಕಾಯಿಲೆಗಳಿಗೆ ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದರೂ ಹಣ ಸಿಗದ ಮೊದಲ ದಿನಗಳು, ಸಾಮಾನ್ಯವಾಗಿ 14 ದಿನಗಳ ಆಸುಪಾಸಿನಲ್ಲಿದ್ದರೆ, ಮಂಡಿ ಮತ್ತು ಸೊಂಟದ ಕೀಲಿನ ತೊಂದರೆಗಳಿಗೆ ಕೆಲವು ಪಾಲಿಸಿಗಳಲ್ಲಿ ಅದು 6 ತಿಂಗಳವರೆಗೂ ಹೋಗುತ್ತದೆ. ಕುಂಟಲು ಶುರುವಾದ ಮೇಲೆ ವಿಮೆಯ ಕಡೆ ಓಡಿದರೆ ಪ್ರಯೋಜನವಿಲ್ಲ. ಮಾಡಿಸುವುದಾದರೆ ಕ್ಲಿನಿಕ್ಕಿನಲ್ಲಿರುವ ನಾಯಿಯ ಆರೋಗ್ಯದ ಕಡತ ಖಾಲಿ ಇರುವಾಗಲೇ ಮಾಡಿಸಬೇಕು.

ವಿಮೆ ಬೇಡವೆಂದು ಹಣ ಕೂಡಿಟ್ಟವರು

ಮೇಲಿನವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ವಿಮೆ ಇಲ್ಲ, ಬೇಕು ಎಂದೂ ಅನಿಸಿಲ್ಲ. ನಮ್ಮಲ್ಲಿರುವುದು ಮನೆಯೊಳಗೇ ಬೆಳೆದ ಮಿಶ್ರ ತಳಿಯ ಬೆಕ್ಕುಗಳು, ಅದೂ ಒಂದಲ್ಲ, ಒಂದು ಹಿಂಡು. ಪ್ರತಿಯೊಂದಕ್ಕೂ ಬೇರೆ ಪಾಲಿಸಿ, ಬೇರೆ ಪ್ರೀಮಿಯಂ, ಬೇರೆ ಡಿಡಕ್ಟಿಬಲ್. ಒಂದರ ಪಾಲಿಸಿಯಲ್ಲಿ ಬಳಸದೆ ಉಳಿದ ಮಿತಿ, ಅಂದರೆ ಕಂಪನಿ ಕೊಡಬಹುದಾದ ಗರಿಷ್ಠ ಮೊತ್ತ, ಇನ್ನೊಂದರ ಚಿಕಿತ್ಸೆಗೆ ಬರುವುದಿಲ್ಲ. ಬ್ಯಾಂಕಿನಲ್ಲಿರುವ ಹಣಕ್ಕೆ ಆ ಕಟ್ಟುಪಾಡಿಲ್ಲ, ಯಾರಿಗೆ ಕಾಯಿಲೆಯೋ ಅವರಿಗೆ ಖರ್ಚಾಗುತ್ತದೆ. ಯಾರಿಗೂ ಬಾರದಿದ್ದರೆ ಹಣ ನಮ್ಮದೇ.

ಆದರೆ ತಿಂಗಳಿಗಿಷ್ಟು ಎಂದು ಇಡುವುದರಿಂದ ಕೆಲಸ ಆಗುವುದಿಲ್ಲ. ಮೂರನೆಯ ತಿಂಗಳಿನಲ್ಲೇ ಮರಿ ಏನನ್ನಾದರೂ ನುಂಗಿದರೆ ಖಾತೆಯಲ್ಲಿರುವುದು ಮೂರು ಕಂತು ಮಾತ್ರ. ನಾವು ಶುರುವಿನಲ್ಲೇ ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಆಗುವಷ್ಟು ಮೊತ್ತವನ್ನು ಪ್ರತ್ಯೇಕ ಖಾತೆಗೆ ಹಾಕಿದೆವು. ತಿಂಗಳ ಕಂತು ಇರುವುದು ಖರ್ಚಾದದ್ದನ್ನು ತುಂಬಿಸಲಿಕ್ಕೆ. ಮನೆಗೆ ಫ್ರಿಜ್ ಬೇಕಾದಾಗ ಆ ಖಾತೆಯ ಕಡೆ ನೋಡದಿರುವ ಶಿಸ್ತು ಇಲ್ಲದವರು ವಿಮೆಯನ್ನೇ ಮಾಡಿಸಿಕೊಳ್ಳಲಿ.

ಪಶು ಚಿಕಿತ್ಸಾಲಯದ ಮುಂಗಟ್ಟೆಯಲ್ಲಿ ಕೆಲಸ ಮಾಡುವವರು

ವಿಮೆ ಇರುವವರೂ ಇಲ್ಲದವರೂ ಹಣ ಕಟ್ಟುವುದು ನನ್ನ ಮೇಜಿನ ಎದುರೇ. ಹಾಗಾಗಿ ಎರಡೂ ಕಡೆಯ ಮುಖಗಳನ್ನು ನೋಡಿದ್ದೇನೆ.

ಕ್ಲೇಮ್ ತಿರಸ್ಕೃತವಾಗುವುದು ಬಹುಪಾಲು ಒಂದೇ ಕಾರಣಕ್ಕೆ: ಅದು ಮೊದಲೇ ಇದ್ದ ಕಾಯಿಲೆ ಎಂದು. ಅದಕ್ಕೆ ರೋಗ ಪತ್ತೆಯಾಗಿರಲೇಬೇಕು ಎಂದೇನಿಲ್ಲ, ಲಕ್ಷಣ ಕಂಡಿದ್ದರೂ ಸಾಕು. ಲಸಿಕೆಗೆ ಬಂದಾಗ ಮಾತಿಗೆ ಮಾತು ಬಂದು, “ಇತ್ತೀಚೆಗೆ ಆಗಾಗ ವಾಂತಿ ಮಾಡುತ್ತಿದೆ” ಎಂದು ನೀವು ಹೇಳಿರುತ್ತೀರಿ. ವೈದ್ಯರು ಕಡತದಲ್ಲಿ ಒಂದು ಸಾಲು ಬರೆದಿರುತ್ತಾರೆ. ಮುಂದಿನ ವರ್ಷ ಪಾಲಿಸಿ ಮಾಡಿಸಿ, ಅದರ ಮುಂದಿನ ವರ್ಷ ಕರುಳಿನ ಉರಿಯೂತಕ್ಕೆ ಕ್ಲೇಮ್ ಹಾಕಿದಾಗ ಆ ಒಂದು ಸಾಲು ಎದ್ದು ಬರುತ್ತದೆ. ಮೊದಲ ಕ್ಲೇಮ್ ಬಂದ ಕೂಡಲೇ ಕಂಪನಿಯವರು ಪ್ರಾಣಿಯ ಹಳೆಯ ಕಡತವನ್ನೆಲ್ಲ ತರಿಸಿಕೊಳ್ಳುವುದು ಸಾಮಾನ್ಯ. ಹಾಗೆಂದು ವೈದ್ಯರ ಬಳಿ ಮುಚ್ಚಿಡಬೇಡಿ. ಕಡತ ಚೊಕ್ಕಟವಾಗಿ ಉಳಿದು ಬೆಕ್ಕು ಸೊರಗಿದರೆ ಏನು ಬಂತು? ಕಡತದ ಒಂದು ಪ್ರತಿಯನ್ನು ನೀವೇ ಕೇಳಿ ಪಡೆದು ಓದಿಕೊಳ್ಳಿ. ವಾಸಿಯಾದ ಕಾಯಿಲೆ 6 ಅಥವಾ 12 ತಿಂಗಳು ಮರುಕಳಿಸದಿದ್ದರೆ ಅದನ್ನು ಹಳೆಯದೆಂದು ಎಣಿಸದ ಪಾಲಿಸಿಗಳೂ ಇವೆ.

ಎರಡನೆಯದು, ಹೆಚ್ಚಿನ ಪಾಲಿಸಿಗಳಲ್ಲಿ ಹಣವನ್ನು ಮೊದಲು ನೀವೇ ಕಟ್ಟಬೇಕು. ಮರುಪಾವತಿ ಆಮೇಲೆ. ಕ್ಲಿನಿಕ್ಕಿಗೇ ನೇರವಾಗಿ ಪಾವತಿಸುವ ಕಂಪನಿಗಳು ಇವೆ, ಆದರೆ ಅದಕ್ಕೆ ಕ್ಲಿನಿಕ್ಕೂ ಒಪ್ಪಿರಬೇಕು. ಕಾರ್ಡು ತೋರಿಸಿದರೆ ಮುಗಿಯಿತು ಎಂದುಕೊಂಡು ಬಂದವರಿಗೆ ಇದನ್ನು ರಾತ್ರಿ ಹೊತ್ತಿನಲ್ಲಿ ವಿವರಿಸುವುದು ನನ್ನ ಕೆಲಸದಲ್ಲೇ ಬೇಸರದ ಭಾಗ. ಬಿಲ್‌ನಲ್ಲಿ “ಚಿಕಿತ್ಸೆ” ಎಂದು ಒಟ್ಟು ಮೊತ್ತ ಬರೆದಿದ್ದರೆ ಕಂಪನಿ ಆ ಬಿಲ್ಲನ್ನು ಒಪ್ಪದೆ ಹಿಂದಕ್ಕೆ ಕಳುಹಿಸುತ್ತದೆ. ತಪಾಸಣೆ, ರಕ್ತ ಪರೀಕ್ಷೆ, ಔಷಧ, ಒಳರೋಗಿ ಶುಲ್ಕ ಎಲ್ಲವೂ ಸಾಲು ಸಾಲಾಗಿ, ರೋಗದ ಹೆಸರಿನೊಂದಿಗೆ ಇರಬೇಕು. ತಪಾಸಣೆಯ ಶುಲ್ಕವನ್ನು ಕೆಲವು ಪಾಲಿಸಿಗಳು ಕೊಡುವುದೇ ಇಲ್ಲ. ಹಲ್ಲಿನದೂ ಅಷ್ಟೆ: ಬಿದ್ದು ಹಲ್ಲು ಮುರಿದರೆ ಕೊಡುತ್ತಾರೆ, ವಸಡಿನ ರೋಗಕ್ಕೆ ಹಲವರು ಕೊಡುವುದಿಲ್ಲ.

ರಾತ್ರಿ ಬರುವ ದೊಡ್ಡ ಬಿಲ್‌ಗಳು ಯಾವುವು ಎಂದು ಕೇಳುತ್ತೀರಾದರೆ, ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು ಮೊದಲ ಸಾಲಿನಲ್ಲಿದೆ. ಮಲಮೂತ್ರಕ್ಕೆಂದು ಇಟ್ಟ ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತದೆ, ಹನಿಯೂ ಬರುವುದಿಲ್ಲ. ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಕಾಯುವವರಿದ್ದಾರೆ. ಒಂದೆರಡು ದಿನದಲ್ಲಿ ಜೀವಕ್ಕೇ ಬರುವ ತೊಂದರೆ ಅದು, ಕಾಯಬಾರದು. ದಾರ, ರಿಬ್ಬನ್ ನುಂಗಿದ ಬೆಕ್ಕುಗಳದ್ದು ಇನ್ನೊಂದು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಉಳಿದದ್ದು ಕರುಳಿನುದ್ದಕ್ಕೂ ಇಳಿದು, ಕರುಳು ನೆರಿಗೆ ಕಟ್ಟುತ್ತದೆ. ಆ ದಾರವನ್ನು ಮನೆಯಲ್ಲಿ ಎಳೆಯಬೇಡಿ, ಕರುಳು ಹರಿಯಬಹುದು. ಗ್ರೇಟ್ ಡೇನ್‌ನಂಥ ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುತ್ತದೆ, ಅದಂತೂ ಗಂಟೆಗಳ ಲೆಕ್ಕ. ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವುದು ಮತ್ತೊಂದು. ನಿಮ್ಮ ಲ್ಯಾಬ್ರಡಾರ್‌ಗೆ ಆ ಚಿಕಿತ್ಸೆ ಆಗಿರದಿದ್ದರೆ ಪಾಲಿಸಿಯಲ್ಲಿ ಇದರ ಬಗ್ಗೆ ಏನಿದೆ ಎಂದು ವಿಶೇಷವಾಗಿ ನೋಡಿ.

ಒಂದೇ ಸಾಲಿನಲ್ಲಿ ಹೇಳಬಯಸಿದವರು

ಲಸಿಕೆ, ಜಂತಿನ ಔಷಧಿ, ವಾರ್ಷಿಕ ತಪಾಸಣೆ ಸೇರಿಸಿ ಮಾರುವ “ಸ್ವಾಸ್ಥ್ಯ ಪ್ಯಾಕೇಜ್” ತೆಗೆದುಕೊಳ್ಳುವ ಮುನ್ನ ಕೂಡಿಸಿ ನೋಡಿ. ಗೊತ್ತಿರುವ ಖರ್ಚನ್ನೇ ಕಂತಿನಲ್ಲಿ ಕಟ್ಟುವುದಕ್ಕೆ ವಿಮೆ ಎನ್ನಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಮುದಿ ಬೆಕ್ಕಿನ ಮನೆಯವರು

ಇಲ್ಲಿಯವರೆಗೆ ಎಲ್ಲರೂ ಒಂದೇ ಏಟಿಗೆ ಬರುವ ಬಿಲ್ ಬಗ್ಗೆ ಹೇಳಿದರು. ನಮ್ಮ ಅನುಭವ ಬೇರೆ. ವಯಸ್ಸಾದ ಬೆಕ್ಕುಗಳಿಗೆ ಬರುವುದು ಮೂತ್ರಪಿಂಡದ ರೋಗ, ಥೈರಾಯ್ಡ್ ಹೆಚ್ಚಾಗುವುದು, ಸಕ್ಕರೆ ಕಾಯಿಲೆ. ಯಾವುದೂ ಒಂದು ದಿನದ್ದಲ್ಲ. ರಕ್ತ ಪರೀಕ್ಷೆ, ಮಾತ್ರೆ, ವಿಶೇಷ ಆಹಾರ ಎಂದು ವರ್ಷಗಟ್ಟಲೆ ನಡೆಯುತ್ತದೆ.

ಇಲ್ಲಿ ಪಾಲಿಸಿಯ ಬಗೆ ಮುಖ್ಯವಾಗುತ್ತದೆ. ಅಪಘಾತಕ್ಕೆ ಮಾತ್ರ ಅನ್ವಯಿಸುವ ಅಗ್ಗದ ಪಾಲಿಸಿಯಿಂದ ಇವುಗಳಿಗೆ ಏನೂ ಸಿಗದು. ಒಂದು ಕಾಯಿಲೆಗೆ 12 ತಿಂಗಳು ಕೊಟ್ಟು ಕೈಬಿಡುವ ಪಾಲಿಸಿಗಳಿವೆ. ಒಂದು ಕಾಯಿಲೆಗೆ ಇಷ್ಟು ಮೊತ್ತ ಎಂದು ಗೆರೆ ಎಳೆದವುಗಳಿವೆ. ಪ್ರತಿ ವರ್ಷ ನವೀಕರಿಸಿದಾಗ ಮಿತಿಯೂ ಹೊಸದಾಗುವ, ಹಳೆಯ ಕಾಯಿಲೆಗೂ ಕೊಡುತ್ತಾ ಹೋಗುವ ಪಾಲಿಸಿಯೇ ದೀರ್ಘಕಾಲದ ರೋಗಕ್ಕೆ ಆಸರೆ, ಅದಕ್ಕೇ ಅದು ದುಬಾರಿ.

ವಯಸ್ಸಿನ ಜೊತೆ ಪ್ರೀಮಿಯಂ ಏರುತ್ತದೆ. ಹಾಗೆ ಏರಿದಾಗ ಬೇರೆ ಕಂಪನಿಗೆ ಹೋಗೋಣವೆಂದರೆ, ಹಳೆಯ ಕಂಪನಿಯಲ್ಲಿ ನಡೆಯುತ್ತಿದ್ದ ಮೂತ್ರಪಿಂಡದ ರೋಗ ಹೊಸ ಕಂಪನಿಗೆ ಮೊದಲೇ ಇದ್ದ ಕಾಯಿಲೆ. ನಾವು ಹಾಗೆಯೇ ಸಿಕ್ಕಿಕೊಂಡು, ಏರಿದ್ದನ್ನು ಗೊಣಗುತ್ತಲೇ ಕಟ್ಟಿದೆವು. ಅಷ್ಟಾದರೂ ಔಷಧದ ಖರ್ಚಿಗೆ ಹೋಲಿಸಿದರೆ ಕಟ್ಟಿದ್ದೇ ಕಡಿಮೆಯಾಗಿತ್ತು ಎಂಬುದನ್ನೂ ಹೇಳಬೇಕು. ಇವತ್ತಿನ ಪ್ರೀಮಿಯಂ ಮಾತ್ರ ಕೇಳಬೇಡಿ. ಇದೇ ತಳಿಯ, ಹನ್ನೆರಡು ವರ್ಷದ ಪ್ರಾಣಿಗೆ ಇಂದು ಎಷ್ಟು ಎಂದು ಕೇಳಿ, ಆಗ ಕಂಪನಿಯ ನಿಜವಾದ ದರ ತಿಳಿಯುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಯಿಗೆ ಮಾಡಿಸುವುದೆಂದು ನಿರ್ಧರಿಸಿದೆವು. ಸಣ್ಣಪುಟ್ಟದ್ದನ್ನು ನಾವೇ ನೋಡಿಕೊಳ್ಳಬಲ್ಲೆವು, ಆದ್ದರಿಂದ ಡಿಡಕ್ಟಿಬಲ್ ಹೆಚ್ಚಿಟ್ಟು, ಪ್ರೀಮಿಯಂ ಇಳಿಸಿ, ವಾರ್ಷಿಕ ಮಿತಿ ದೊಡ್ಡದಿರುವ ಪಾಲಿಸಿ ನೋಡುತ್ತಿದ್ದೇವೆ. ಬೆಕ್ಕಿನದೇ ಗೊಂದಲ. ಕಳೆದ ತಪಾಸಣೆಯಲ್ಲಿ ಹೃದಯದ ಬಡಿತದ ಜೊತೆ ಸಣ್ಣದೊಂದು ಮರ್ಮರ ಶಬ್ದ ಕೇಳುತ್ತಿದೆ ಎಂದಿದ್ದರು. ಈಗ ಅದಕ್ಕೆ ವಿಮೆ ಮಾಡಿಸಿ ಉಪಯೋಗವಿದೆಯೇ?

ಪಶು ಚಿಕಿತ್ಸಾಲಯದ ಮುಂಗಟ್ಟೆಯಲ್ಲಿ ಕೆಲಸ ಮಾಡುವವರು

ಆ ಶಬ್ದ ಕಡತದಲ್ಲಿ ದಾಖಲಾಗಿದ್ದರೆ ಹೃದಯದ ಯಾವ ತೊಂದರೆಗೂ ಹೊಸ ಪಾಲಿಸಿಯಿಂದ ಹಣ ಬರುತ್ತದೆಂದು ನಂಬಬೇಡಿ. ಬೆಕ್ಕುಗಳಲ್ಲಿ ಇಂಥ ಶಬ್ದ ಕೆಲವೊಮ್ಮೆ ಏನೂ ಅಲ್ಲ, ಕೆಲವೊಮ್ಮೆ ಹೃದಯದ ಸ್ನಾಯು ದಪ್ಪಗಾಗುವ ರೋಗದ ಸುಳಿವು. ಯಾವುದು ಎಂಬುದು ಸ್ಟೆತಾಸ್ಕೋಪಿಗೆ ತಿಳಿಯುವುದಿಲ್ಲ, ಹೃದಯದ ಅಲ್ಟ್ರಾಸೌಂಡ್ ಬೇಕು. ಪ್ರೀಮಿಯಂಗೆಂದು ತೆಗೆದಿಟ್ಟ ಹಣವನ್ನು ಮೊದಲು ಆ ಸ್ಕ್ಯಾನ್‌ಗೆ ಖರ್ಚು ಮಾಡಿ ಎನ್ನುತ್ತೇನೆ.

ಮೂತ್ರ ಕಟ್ಟುವುದು, ಮೂತ್ರಪಿಂಡ, ಥೈರಾಯ್ಡ್ ಇವುಗಳಿಗಾಗಿ ವಿಮೆ ಬೇಕೆನಿಸಿದರೆ ಕಡತವನ್ನು ಕಂಪನಿಗೆ ಕಳುಹಿಸಿ, ಯಾವುದನ್ನು ಹೊರಗಿಡುತ್ತೀರಿ ಎಂದು ಹಣ ಕಟ್ಟುವ ಮುನ್ನವೇ ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ಹೊಸದಾಗಿ ಸೇರಿಸಿಕೊಳ್ಳಲು ವಯಸ್ಸಿನ ಮಿತಿ ಇಟ್ಟವರಿದ್ದಾರೆ, ಏಳು ವರ್ಷದ ಬೆಕ್ಕಿಗೆ ಅದನ್ನೂ ವಿಚಾರಿಸಿ. ನಾಯಿಯ ಪಾಲಿಸಿ ಕೈಗೆ ಬಂದ ಮೇಲೆ ರದ್ದು ಮಾಡಿ ಹಣ ವಾಪಸು ಪಡೆಯಲು ಕೆಲವು ದಿನಗಳ ಅವಕಾಶವನ್ನು ಹಲವು ಕಂಪನಿಗಳು ಕೊಡುತ್ತವೆ. ಆ ದಿನಗಳೊಳಗೆ “ಇವುಗಳಿಗೆ ಅನ್ವಯಿಸುವುದಿಲ್ಲ” ಎಂಬ ಪುಟವನ್ನು ಓದಿ, ಅದರಲ್ಲಿ ಮಂಡಿ ಮತ್ತು ಸೊಂಟದ ಕೀಲು ಇವೆಯೇ ಎಂದು ನೋಡಿ. ಇದ್ದರೆ ಲ್ಯಾಬ್ರಡಾರ್‌ಗೆ ಆ ಪಾಲಿಸಿ ಬೇಡ, ಹಿಂದಿರುಗಿಸಿ.