ಬೆಕ್ಕುಗಳನ್ನು ಕೊಂದಿದ್ದಕ್ಕೇ ಪ್ಲೇಗ್ ಬಂತು ಅಂತ ಜನರಿಗೆ ಹೇಳೋದು ಸರೀನಾ?

ಚುಕ್ಕಿಬೆಕ್ಕು:
ನಾವು ಕೆಲವರು ಸೇರಿ ಲೈಬ್ರರಿಯೊಂದರಲ್ಲಿ ಸಾಕುಪ್ರಾಣಿಗಳ ಇತಿಹಾಸದ ಪುಟ್ಟ ಪ್ರದರ್ಶನ ಇಡುತ್ತಿದ್ದೇವೆ. ನೋಡೋಕೆ ಬರೋರು ಹೆಚ್ಚಾಗಿ ಮನೆಯಲ್ಲಿ ಬೆಕ್ಕು, ನಾಯಿ ಸಾಕಿದವರೇ, ಜೊತೆಗೆ ಮಕ್ಕಳು. ಒಂದು ಬೋರ್ಡಿನಲ್ಲಿ ಹೀಗಿದೆ: "1233ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಬೆಕ್ಕುಗಳನ್ನು ಕೊಲ್ಲಲು ಆಜ್ಞೆ ಮಾಡಿದ, ಇಲಿ ಹೆಚ್ಚಾಗಿ ಯುರೋಪಿಗೆ ಪ್ಲೇಗ್ ಬಂತು." ತಂಡದಲ್ಲಿ ಎಲ್ಲರಿಗೂ ಈ ಕಥೆ ಇಷ್ಟ, ನನಗೆ ಅನುಮಾನ. ಇನ್ನೊಂದರಲ್ಲಿ ಈಜಿಪ್ಟಿನವರು ಬೆಕ್ಕನ್ನು ಪೂಜಿಸುತ್ತಿದ್ದರು ಅಂತಷ್ಟೇ ಇದೆ, ಬಲಿಯ ಮಾತೇ ಇಲ್ಲ. "ಮಕ್ಕಳಿಗೆ ಬೇಜಾರಾಗುತ್ತೆ, ಬಿಡಿ" ಅಂತಾರೆ. ನೀವೇನಂತೀರಿ?

ಹಳೇಕಡತ:
ಪ್ಲೇಗ್ ಬೋರ್ಡನ್ನು ಇವತ್ತೇ ತೆಗೆಯಿರಿ. ಪೋಪ್ ಬರೆದ ಆ ಪತ್ರದ ಹೆಸರು 'ವೋಕ್ಸ್ ಇನ್ ರಾಮಾ'. ಜರ್ಮನ್ ಸೀಮೆಯ ಒಂದು ಗುಂಪು ಧರ್ಮಕ್ಕೆ ವಿರುದ್ಧವಾದ ಪೂಜೆ ಮಾಡುತ್ತೆ ಅನ್ನೋ ಆರೋಪ ಅದರಲ್ಲಿದೆ, ಆ ಪೂಜೆಯ ವರ್ಣನೆಯಲ್ಲಿ ಒಂದು ಕಪ್ಪು ಬೆಕ್ಕು ಬರುತ್ತೆ. ಬೆಕ್ಕುಗಳನ್ನು ಕೊಲ್ಲಿ ಅನ್ನೋ ಆಜ್ಞೆ ಎಲ್ಲೂ ಇಲ್ಲ. ಪ್ಲೇಗ್ ಯುರೋಪಿಗೆ ಕಾಲಿಟ್ಟಿದ್ದು 1347ರಲ್ಲಿ, ಅಂದರೆ ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ. ಬೆಕ್ಕು ವರ್ಷಕ್ಕೆ ಎಷ್ಟು ಮರಿ ಹಾಕುತ್ತೆ ಅಂತ ಸಾಕಿದವರಿಗೆ ಗೊತ್ತೇ ಇದೆ, ಅಲ್ವಾ? ಬೆಕ್ಕನ್ನು ಮುದ್ದಿನಿಂದ ಸಾಕುತ್ತಿದ್ದ ಕೈರೋ, ಡಮಾಸ್ಕಸ್‌ನಲ್ಲೂ ಅದೇ ಪ್ಲೇಗಿಗೆ ಜನ ರಾಶಿ ರಾಶಿ ಸತ್ತರು.

ಮೂರುಬಣ್ಣ:
ಬೆಕ್ಕು ಸಾಕಿದವರಿಗೆ ಇದನ್ನು ಮನವರಿಕೆ ಮಾಡೋದು ಇನ್ನೂ ಸುಲಭ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಬೆನ್ನು ಬಾಚಿದಾಗ ಕರಿಮೆಣಸಿನ ಪುಡಿ ಹಾಗೆ ಏನೋ ಉದುರುತ್ತೆ ನೋಡಿ, ಅದನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿದರೆ ಸುತ್ತ ಕೆಂಪು ಹರಡುತ್ತೆ. ಅದು ಚಿಗಟದ ಹಿಕ್ಕೆ. ಆ ಕೆಂಪು ಬೆಕ್ಕಿನದೇ ರಕ್ತ. ಪ್ಲೇಗ್ ದಾಟಿಸೋದೂ ಚಿಗಟವೇ. ಬೆಕ್ಕಿಗೂ ಪ್ಲೇಗ್ ಬರುತ್ತೆ, ಅದರಿಂದ ಮನುಷ್ಯರಿಗೂ ಹರಡುತ್ತೆ. ಸಾಲದ್ದಕ್ಕೆ ಸಣ್ಣ ಇಲಿ ಹಿಡಿಯೋ ಎಷ್ಟೋ ಬೆಕ್ಕುಗಳು ಕೊಬ್ಬಿದ ಹೆಗ್ಗಣ ಎದುರಾದರೆ ಸುಮ್ನೆ ಪಕ್ಕಕ್ಕೆ ಸರಿಯುತ್ತವೆ. ಬೋರ್ಡಿನ ಪಕ್ಕ ಆ ಬಾಚಣಿಗೆ, ಬಟ್ಟೆ ಇಡಿ. ತಮ್ಮ ಮನೆಯ ಬೆಕ್ಕನ್ನು ನೆನೆಸಿಕೊಂಡು ಅವರೇ ಕಥೆಯನ್ನು ಒರೆಗೆ ಹಚ್ಚಲಿ.

ಅಂಗಳದನಾಯಿ:
ಪ್ಲೇಗ್ ವಿಷಯ ಒಪ್ಪಿದೆ. ಈಜಿಪ್ಟಿನ ಬೋರ್ಡ್ ಮಾತ್ರ ಹಾಗೇ ಇರಲಿ ಅಂತೀನಿ. ಬೆಕ್ಕಿನ ಮರಿಯ ಕತ್ತು ಮುರಿದರು ಅಂತ ಆರು ವರ್ಷದ ಮಗುವಿಗೆ ಯಾಕೆ ಹೇಳಬೇಕು?

ಹಳೇಕಡತ:
ಅರ್ಧ ಹೇಳಿ ನಿಲ್ಲಿಸಿದರೆ ಆ ಮಗು ದೊಡ್ಡದಾದ ಮೇಲೆ ನಮ್ಮ ಉಳಿದ ಮಾತನ್ನೂ ನಂಬೋದಿಲ್ಲ. ಆಗಿದ್ದು ಇಷ್ಟು. ಬಾಸ್ತೆತ್ ದೇವಿಗೆ ಭಕ್ತರು ಬೆಕ್ಕಿನ ಮಮ್ಮಿಯನ್ನು ಕೊಂಡು ಹರಕೆ ಒಪ್ಪಿಸುತ್ತಿದ್ದರು. ಅದಕ್ಕಾಗಿಯೇ ಬೆಕ್ಕುಗಳನ್ನು ಸಾಕಿ ಕೊಲ್ಲುತ್ತಿದ್ದರು. ಎಕ್ಸ್‌ರೇ ತೆಗೆದಾಗ ಎಷ್ಟೋ ಮಮ್ಮಿಗಳ ಒಳಗೆ ಕತ್ತು ಮುರಿದ ಎಳೆ ಬೆಕ್ಕುಗಳೇ ಕಂಡವು. ಅದೇ ದೇಶದಲ್ಲಿ ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು, ನಾಯಿ ಸತ್ತರೆ ತಲೆ, ಮೈ ಎಲ್ಲ ಬೋಳಿಸಿಕೊಳ್ಳುತ್ತಿದ್ದರು ಅಂತ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಎರಡನ್ನೂ ಒಟ್ಟಿಗೇ ಹೇಳಬೇಕು. ಹುಬ್ಬಿನ ಕಥೆಯನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ದಪ್ಪ ಅಕ್ಷರದಲ್ಲಿ ಹಾಕಿ, ಎಕ್ಸ್‌ರೇ ಚಿತ್ರವನ್ನು ಅದರ ಮೇಲೆ ದೊಡ್ಡವರ ಎತ್ತರಕ್ಕೆ. ಮಗು ಕೇಳಿದರೆ ಜೊತೆಗಿರೋರು ಹೇಳಲಿ. 1890ರಲ್ಲಿ ಸುಮಾರು 19 ಟನ್ ಬೆಕ್ಕಿನ ಮಮ್ಮಿಗಳನ್ನು ಲಿವರ್‌ಪೂಲಿಗೆ ಸಾಗಿಸಿ ಗೊಬ್ಬರಕ್ಕೆ ಮಾರಿದರು, ಅದನ್ನೂ ಬಿಡಬೇಡಿ.

ಅಂಗಳದನಾಯಿ:
ಎರಡು ಎತ್ತರದ ಉಪಾಯ ಚೆನ್ನಾಗಿದೆ, ಒಪ್ಪಿದೆ. ಒಂದೇ ಕೋರಿಕೆ, ಈಜಿಪ್ಟಿನವರನ್ನು ಕ್ರೂರಿಗಳು ಅಂತ ಕರೆಯಬೇಡಿ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟನ್ನಿನ ಜನ ಆರೋಗ್ಯವಾಗಿದ್ದ ತಮ್ಮ ಬೆಕ್ಕು, ನಾಯಿಗಳನ್ನು ತಾವೇ ಒಯ್ದು ಸಾಯಿಸಿದರು. ಕೊಲ್ಲಲೇಬೇಕು ಅನ್ನೋ ಕಾನೂನು ಇರಲಿಲ್ಲ. ಬಾಂಬಿನ ಭಯ, ಊಟಕ್ಕೆ ಏನು ಗತಿ ಅನ್ನೋ ಚಿಂತೆ, ದಾರಿ ಇಲ್ಲದಿದ್ದರೆ ಸಾಯಿಸೋದೇ ದಯೆ ಅಂದ ಸಲಹಾಪತ್ರ, ಇಷ್ಟಕ್ಕೇ ಲಕ್ಷಗಟ್ಟಲೆ ಪ್ರಾಣಿಗಳು ಹೋದವು. ಅವರೂ ಪ್ರೀತಿಯಿಂದ ಸಾಕಿದವರೇ. ಇದನ್ನು ಈಜಿಪ್ಟಿನ ಪಕ್ಕದಲ್ಲೇ ಹಾಕಿ.

ಚುಕ್ಕಿಬೆಕ್ಕು:
ಹಾಕ್ತೀವಿ. ಪ್ಲೇಗ್ ಬೋರ್ಡಿಗೆ ಬಾಚಣಿಗೆ, ಬಟ್ಟೆ ರೆಡಿ ಮಾಡ್ತಿದ್ದೇವೆ. ನಾಯಿಗಳ ಸಾಲಿನಲ್ಲಿ ಲೈಕಾ ಇದ್ದಾಳೆ. 1957ರಲ್ಲಿ ಸೋವಿಯತ್ ಒಕ್ಕೂಟ ಬಾಹ್ಯಾಕಾಶಕ್ಕೆ ಕಳಿಸಿದಾಗ ಅವಳನ್ನು ವಾಪಸ್ ತರೋ ವ್ಯವಸ್ಥೆಯೇ ಇರಲಿಲ್ಲ. ಕೆಲವು ದಿನ ಬದುಕಿದ್ದಳು ಅಂತ ಹೇಳುತ್ತಾ ಬಂದಿದ್ದರು, ಬಿಸಿ ಏರಿ ಕೆಲವೇ ಗಂಟೆಗಳಲ್ಲಿ ಸತ್ತಳು ಅನ್ನೋದು 2002ರಲ್ಲಿ ಹೊರಬಂತು. ಅಲ್ಲೂ ಎರಡು ಎತ್ತರದ ಬೋರ್ಡ್ ಮಾಡೋಣ ಅಂತಿದ್ದೇವೆ. ಮಕ್ಕಳ ಎತ್ತರದಲ್ಲಿ ಅವಳು ಮೊದಲು ಮಾಸ್ಕೋದ ಬೀದಿನಾಯಿ ಆಗಿದ್ದಳು ಅನ್ನೋದನ್ನು ಬರೆದರೆ ಸಾಕಾ, ಅಥವಾ ವಾಪಸ್ ಬರಲಿಲ್ಲ ಅಂತಲೂ ಅಲ್ಲೇ ಹೇಳಬೇಕಾ?

ಮೂರುಬಣ್ಣ:
ವಾಪಸ್ ಬರಲಿಲ್ಲ ಅಂತ ಅಲ್ಲೇ ಹೇಳಿ. ಮಕ್ಕಳು ಕೇಳೋ ಮೊದಲ ಪ್ರಶ್ನೆ ಅದೇ.