ಸಹಾಯ ಬೇಕು: ಹಸಿರು ಗೋಡೆ ಮುಂದೆ ಹಸಿರು ಗಿಡ ಹೊಂದುತ್ತಾ?

ಎಲ್ಲರಿಗೂ ನಮಸ್ಕಾರ. ಹಾಲ್‌ನ ಒಂದು ಗೋಡೆಗೆ ಹಸಿರು ಬಳಿಸಬೇಕು ಅಂತಿದ್ದೇನೆ, ಯಾವ ಹಸಿರು ಅನ್ನೋದೇ ತಲೆನೋವು. ಕಿಟಕಿ ಉತ್ತರಕ್ಕಿದೆ, ನೇರ ಬಿಸಿಲು ಬರುವುದಿಲ್ಲ. ಬೂದು ಬೆರೆತ ತಿಳಿ ಹಸಿರಿನ ಸ್ಯಾಂಪಲ್ ಹಚ್ಚಿ ನೋಡಿದರೆ ಹಗಲಲ್ಲಿ ಸಿಮೆಂಟಿನ ಹಾಗೆ ಕಾಣುತ್ತದೆ, ರಾತ್ರಿ 2700 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದಾಗ ಮಾತ್ರ ಬಣ್ಣಕ್ಕೆ ಸ್ವಲ್ಪ ಜೀವ ಬರುತ್ತದೆ. ಹಳದಿ ಅಂಶ ಜಾಸ್ತಿ ಇರೋ ಆಲಿವ್ ಹಸಿರು ಸರಿಹೋಗುತ್ತಾ? ಗಿಳಿ ಹಸಿರು ಮಾತ್ರ ಹೇಳಬೇಡಿ, ದಯವಿಟ್ಟು!

ಆ ಗೋಡೆ ಮುಂದೆ ಗಿಡವೂ ಇಡಬೇಕು. ಕಡು ಹಸಿರಿನ ಎಲೆ ಗೋಡೆಯಲ್ಲೇ ಕರಗಿಹೋಗುತ್ತದೆ, ಅಂಚಿಗೆ ಹಳದಿ ಪಟ್ಟಿ ಇರೋ ಸ್ನೇಕ್ ಪ್ಲಾಂಟ್ ಆದರೆ ಎದ್ದು ಕಾಣುತ್ತದೆ ಅಲ್ವಾ? ಬಿಳಿ ಮಚ್ಚೆಯ ಮನಿ ಪ್ಲಾಂಟ್ ಇದೆ, ಆದರೆ ಬೆಳಕು ಸಾಲದೆ ಹೊಸ ಎಲೆಗಳೆಲ್ಲ ಬರೀ ಹಸಿರಾಗಿ ಬರುತ್ತಿವೆ.

ಇನ್ನು ಹೊರಗೆ ಮರದ ನೆರಳಲ್ಲಿ ಒಂದು ಪಟ್ಟಿ ಜಾಗ. ಹೂವು ಬೇಡ, ಬರೀ ಎಲೆ ಸಾಕು: ಜರೀಗಿಡದ ಸಣ್ಣ ಎಲೆ, ಪಕ್ಕದಲ್ಲಿ ಕೆಸುವಿನ ಅಗಲ ಎಲೆ. ಮರದ ಬೇರು ನೀರೆಲ್ಲ ಎಳೆದುಕೊಂಡರೆ ಕೆಸು ಬದುಕುತ್ತಾ, ಅಥವಾ ಸುಮ್ನೆ ಕುಂಡದಲ್ಲೇ ಇಡಲಾ? ಇಂಥ ಜಾಗದಲ್ಲಿ ಬೆಳೆಸಿದವರು ಫೋಟೋ ಇದ್ದರೆ ಹಾಕಿ.