ಬಾಗಿಲಲ್ಲಿ ನಿಂತವಳು

ಪುಟ್ಟಿ, ಬೆಳಿಗ್ಗೆ ಗ್ರೂಪಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಇತ್ತೀಚೆಗೆ ಓದಿದ್ದರಲ್ಲಿ, ನೋಡಿದ್ದರಲ್ಲಿ ಯಾವುದು ಇಷ್ಟವಾಯಿತು ಎಲ್ಲರೂ ಹೇಳಿ, ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ ಅಂದಿದ್ದೀಯ. ಅಷ್ಟು ಹೇಳಿದರೂ ನಿನ್ನ ಮಾವ ಹೆಬ್ಬೆಟ್ಟೇ ಒತ್ತಿದ್ದಾರೆ. ಟೈಪ್ ಮಾಡಲು ಹೋದರೆ ನನ್ನ ಬೆರಳು ಒಂದೇ ಸಲ ಎರಡು ಅಕ್ಷರದ ಮೇಲೆ ಬೀಳುತ್ತದೆ. ಅದಕ್ಕೇ ಮಾತಾಡ್ತಾ ಇದ್ದೀನಿ, ಫೋನೇ ಬರೆದುಕೊಳ್ಳಲಿ. ಉದ್ದವಾದರೆ ಬೈಕೋಬೇಡ.

ಮೊದಲು ಪುಸ್ತಕ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರದ್ದು. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಮೇಲೆ ಅಮೆರಿಕದವರೂ ಓದಿಬಿಟ್ಟರು. ಹಾಸನದಲ್ಲಿ ಕೂತ ನಾನು ಮಾತ್ರ ಈಗ ಓದಿದೆ. ಎರಡು ಮಧ್ಯಾಹ್ನಕ್ಕೆ ಮುಗಿಯುವಷ್ಟು ಚಿಕ್ಕದು. ಅಪ್ಪ ಸೇಲ್ಸ್‌ಮ್ಯಾನ್, ಪುಟ್ಟ ಮನೆ, ತಿಂಗಳ ಕೊನೆಗೆ ಲೆಕ್ಕ. ಅಪ್ಪನ ಕೆಲಸ ಹೋಗುತ್ತದೆ. ಚಿಕ್ಕಪ್ಪ ಮಸಾಲೆ ಪ್ಯಾಕೆಟ್ ಮಾಡಿ ಮಾರುವ ವ್ಯಾಪಾರ ಶುರು ಮಾಡುತ್ತಾನೆ, ದುಡ್ಡು ಬರುತ್ತದೆ, ದೊಡ್ಡ ಮನೆಯೂ ಬರುತ್ತದೆ. ಅಲ್ಲಿಂದ ಮುಂದೆ ಇಡೀ ಮನೆ ಚಿಕ್ಕಪ್ಪನ ಮುಖ ನೋಡಿಕೊಂಡೇ ನಡೆಯುತ್ತದೆ. ಅವನು ಎದ್ದಾಗ ಕಾಫಿ, ಅವನು ಕೂತಾಗ ತಿಂಡಿ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮ್ಮ ನೆಂಟರಲ್ಲೇ ಅಂಥ ಮೂರು ಮನೆ ಎಣಿಸಬಹುದು. ಹೆಸರು ಹೇಳಲ್ಲ, ಎಲ್ಲರೂ ಈ ಗ್ರೂಪಲ್ಲೇ ಇದ್ದಾರೆ.

ಅದರಲ್ಲಿ ಇರುವೆಗಳ ಕಾಟ ಬರುತ್ತದೆ. ಹಳೇ ಮನೆಯಲ್ಲಿ ಎಲ್ಲಿ ನೋಡಿದರೂ ಇರುವೆ, ಅವರು ಕೊಂದಷ್ಟೂ ಬರುತ್ತವೆ. ಕೊಲ್ಲುತ್ತಾ ಕೊಲ್ಲುತ್ತಾ ಅದರಲ್ಲೇ ಅವರಿಗೆ ಒಂಥರಾ ಖುಷಿ ಹತ್ತಿಬಿಡುತ್ತದೆ. ಅಷ್ಟು ಓದಿ ಕಾಫಿಗೆ ಅಂತ ಎದ್ದೆ. ಬೆಲ್ಲದ ಡಬ್ಬದಿಂದ ಒಲೆಕಟ್ಟೆ ತುದಿವರೆಗೆ ಸಾಲು ಹಿಡಿದಿತ್ತು. ಒಂದು ಇರುವೆ ಬೆಲ್ಲದ ಹರಳು ಹೊತ್ತುಕೊಂಡು ಟೈಲ್ಸ್ ಸಂದಿ ದಾಟಲಾಗದೆ ಹಿಂದೆ ಮುಂದೆ ಆಡುತ್ತಿತ್ತು. ದಿನಾ ಒದ್ದೆ ಬಟ್ಟೆಯಲ್ಲಿ ಒಂದೇ ಎಳೆತಕ್ಕೆ ಒರೆಸಿ ಹಾಕುವವಳು ನಾನು. ಅವತ್ತು ಬಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಆಮೇಲೆ ಒರೆಸಿದೆ ಅನ್ನು. ಬೆಲ್ಲ ಬೇಕಲ್ಲ.

ಆದರೆ ನನ್ನನ್ನು ಹಿಡಿದಿದ್ದು ಇರುವೆ ಅಲ್ಲ. ಚಿಕ್ಕಪ್ಪನಿಗೆ ಇಷ್ಟ ಅಂತ ಮಸೂರ್ ದಾಲ್ ಮಾಡಿಕೊಂಡು ಒಬ್ಬ ಹೆಂಗಸು ಬರುತ್ತಾಳೆ. ಅಮ್ಮ, ಮಗಳು ಸೇರಿ ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಒಳಗೇ ಇರುತ್ತಾನೆ, ಹೊರಗೆ ಬರಲ್ಲ. ಹೀಗೆ ಮಾಡಬಾರದಿತ್ತು ಅನ್ನುವವಳು ಸೊಸೆ ಅನಿತಾ ಒಬ್ಬಳೇ. ನಾನು ಈ ಮನೆಗೆ ಬಂದ ಹೊಸದರಲ್ಲಿ, ಅವರೆಕಾಯಿ ಕಾಲದಲ್ಲಿ, ಒಬ್ಬಳು ಕಳೆ ಕಿತ್ತ ಕೂಲಿ ಕೇಳಿಕೊಂಡು ಬಂದಿದ್ದಳು. ಇಲ್ಲ, ಕೊಟ್ಟಾಯ್ತು ಅಂತ ಜಗಲಿಯಿಂದಲೇ ಕಳಿಸಿದರು. ಕೊಟ್ಟಿರಲಿಲ್ಲ, ನನಗೆ ಗೊತ್ತಿತ್ತು. ನಾನು ಅಡುಗೆಮನೆಯಲ್ಲಿ ನೆನೆದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಏಳಲಿಲ್ಲ. ಅನಿತಾ ಬಾಯಿ ಬಿಟ್ಟಾಗ ನನಗೆ ಬೆರಳಿಗಂಟುವ ಆ ಅವರೆ ಸಿಪ್ಪೆ ನೆನಪಾಯಿತು.

ಅದೇ ಗುಂಗಲ್ಲಿ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಮತ್ತೆ ತೆಗೆದೆ. ನಮ್ಮೂರಿನವರು, ವಕೀಲರು. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಇಂಗ್ಲಿಷ್ ಮಾಡಿದ್ದು, ಆ 12 ಕಥೆಗಳಲ್ಲಿ ಇದೂ ಒಂದು. ಇಲ್ಲೂ ಒಬ್ಬಳು ಬಾಗಿಲಲ್ಲಿ ನಿಂತವಳೇ. ಮೂರು ಹೆಣ್ಣುಮಕ್ಕಳು, ಗಂಡ ಕೈಬಿಟ್ಟಿದ್ದಾನೆ. ನ್ಯಾಯ ಹೇಳಬೇಕಾದ ಮುತವಲ್ಲಿ, ಅಂದರೆ ಮಸೀದಿ ಆಡಳಿತ ನೋಡಿಕೊಳ್ಳುವವನು, ಇವತ್ತು ನಾಳೆ ಅನ್ನುತ್ತಾನೆ. ಕಾಯಿಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಮಸೀದಿ ಮುಂದೆ ಕೂರುತ್ತಾಳೆ. ಶಾನಭಾಗರು ಅಳೆದು ತೂಗಿ ಪಿಸುಗುಟ್ಟಿದರೆ ಇವರು ಬೀದಿಯಲ್ಲಿ ನಿಂತು ಕೂಗುತ್ತಾರೆ. ಕೆಲವು ಕಡೆ ಕೂಗು ಜಾಸ್ತಿಯಾಯಿತು ಅಂತ ಮೊದಲ ಸಲ ಓದಿದಾಗ ಅನ್ನಿಸಿತ್ತು. ಈಗ ಅನ್ನಿಸಲಿಲ್ಲ. ಆ ಬೀದಿಯ ಹೆಂಗಸರು ಶಾಪ ಹಾಕುವ ಜಾಗ ಇದೆಯಲ್ಲ, ಅಲ್ಲಿ ನನಗೂ ನಾಲ್ಕು ಮಾತು ಸೇರಿಸೋಣ ಅನ್ನಿಸಿತು. ಕೊನೆ ಹೇಳಲ್ಲ, ಓದು. ಇದೇ ಕಥೆ ಗಿರೀಶ ಕಾಸರವಳ್ಳಿ ಅವರ ‘ಹಸೀನಾ’ ಸಿನಿಮಾ ಆಗಿದ್ದು, ತಾರಾಗೆ ರಾಷ್ಟ್ರಪ್ರಶಸ್ತಿ ಬಂದಿದ್ದು. ನಿಮ್ಮ ಕಡೆಯವರೆಲ್ಲ ತಾರಾ ಅಂದರೆ ಕಾಮಿಡಿ ಪಾತ್ರ ಅಂದುಕೊಂಡಿದ್ದೀರಿ. ನೋಡಿ ಒಮ್ಮೆ.

ಸಿನಿಮಾ ಅಂದರೆ ‘ಸು ಫ್ರಮ್ ಸೋ’. ಜುಲೈ 2025ರಲ್ಲಿ ಥಿಯೇಟರಿಗೆ ಬಂದಾಗ ಎಲ್ಲರೂ ನೋಡಿದ್ದಿರಿ, ನಾನು ಹೋದ ತಿಂಗಳು ಮನೆಯಲ್ಲಿ ನೋಡಿದೆ. ಸೋಮೇಶ್ವರದ ಸುಲೋಚನಾ ಅನ್ನೋದೇ ಆ ಹೆಸರು. ಜೆ.ಪಿ. ತುಮಿನಾಡು ನಿರ್ದೇಶನದ ಜೊತೆಗೆ ದೆವ್ವ ಮೆಟ್ಟಿದವನ ಪಾತ್ರವನ್ನೂ ತಾವೇ ಮಾಡಿದ್ದಾರೆ. ಮೊದಲರ್ಧ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕರಾವಳಿ ಮಾತು ನಿನ್ನ ಮಾವನಿಗೆ ಅರ್ಧ ತಿಳಿಯಲಿಲ್ಲ, ಆದರೂ ನನಗಿಂತ ಮೊದಲೇ ನಗುತ್ತಿದ್ದರು. ಆಮೇಲೆ ಸ್ವಲ್ಪ ಎಳೆದಿದ್ದಾರೆ. ಸತ್ತ ಸುಲೋಚನಾ ಅಂದರೆ ಊರೆಲ್ಲ ನಡುಗುತ್ತದೆ, ಅವಳ ಬದುಕಿರುವ ಮಗಳ ಕಷ್ಟ ಮಾತ್ರ ಯಾರಿಗೂ ಬೇಡ. ತಮಾಷೆ ಸಿನಿಮಾದೊಳಗೆ ಅದನ್ನು ತಂದಿದ್ದಾರಲ್ಲ, ಅದು ನನಗೆ ಹಿಡಿಸಿತು.

ಟಿವಿ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಈಗಿನ ಧಾರಾವಾಹಿಗಳಲ್ಲಿ ಅತ್ತೆಯಂದಿರು ಮಲಗುವಾಗಲೂ ರೇಷ್ಮೆ ಸೀರೆ ಉಟ್ಟಿರುತ್ತಾರೆ, ನನಗೆ ಸೆಖೆಯಾಗುತ್ತದೆ. ಮೊಮ್ಮಗನ ಜೊತೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಮತ್ತೆ ನೋಡ್ತಾ ಇದ್ದೀನಿ. ಹಿಂದಿಯಲ್ಲಿ ಮಾತಾಡಿದರೂ ಆಗುಂಬೆಯ ಹೆಂಚಿನ ಮನೆ, ಕಂಬ, ಜಗಲಿ ಎಲ್ಲ ನಮ್ಮವೇ. ಸ್ವಾಮಿಯ ಅಮ್ಮನ ಪಾತ್ರ ಮಾಡಿದ ವೈಶಾಲಿ ಕಾಸರವಳ್ಳಿ ಮಾತಿಗಿಂತ ಕಣ್ಣಲ್ಲೇ ಜಾಸ್ತಿ ಹೇಳುತ್ತಾರೆ. ಮೊಮ್ಮಗ ಕೇಳಿದ, ಅಜ್ಜಿ, ಅವರ ಮನೇಲಿ ಫೋನ್ ಯಾಕಿಲ್ಲ ಅಂತ.

ಶನಿವಾರ ಬರುತ್ತೀಯಲ್ಲ, ‘ಘಾಚರ್ ಘೋಚರ್’ ತಗೊಂಡು ಹೋಗು ಅಂತಿದ್ದೆ. ಈಗ ನೋಡಿದರೆ ಫ್ರಿಜ್ ಮೇಲಿಟ್ಟ ಪುಸ್ತಕದೊಳಗೆ ಯಾರೋ ಕರೆಂಟ್ ಬಿಲ್ ಗುರುತಿಗೆ ಇಟ್ಟಿದ್ದಾರೆ. ಹೆಬ್ಬೆಟ್ಟು ಒತ್ತಿದವರದ್ದೇ ಕೆಲಸ. ಅವರದ್ದು ಮುಗಿಯಲಿ, ಆಮೇಲೆ ನಿನಗೆ.